ಕೈನಾತಳಿಗೆ ಹಾಲು ಕುಡಿಸಿದವರು ಯಾರು?

ನನ್ನ ಬಾಯಿ ಅರೆಗಳಿಗೆ ಸುಮ್ಮನಿದ್ದಿದ್ದರೆ ಆ ದಿನ ಮುಂಡರಗಿಯಲ್ಲಿ ನನ್ನ ಮೊಮ್ಮಗ ಅಬ್ರಾರನ ಮಂಗನಿ, ಮದುವೆ ನಿಶ್ಚಯದ ಶಾಸ್ತ್ರ, ಚೆಂದಾಗಿ ಮುಗಿದುಹೋಗುತ್ತಿತ್ತು. ಹುಡುಗಿಯ ಮುಡಿಗೆ ಹೂವು ಏರಿತ್ತು. ಬಾಯಿಗೆ ಸಕ್ಕರೆ ಹಾಕಿ ಮದುವೆ ಗೊತ್ತಾಯಿತು ಅನ್ನುವುದೊಂದೇ ಬಾಕಿ. ಗಂಡಸರು ಹೊರಗೆ ಪಡಸಾಲೆಯಲ್ಲಿ, ಹೆಂಗಸರು ಒಳಗೆ. ಒಬ್ಬಳು ಬಿಟ್ಟ ಉಸಿರನ್ನೇ ಇನ್ನೊಬ್ಬಳು ಎಳೆದುಕೊಳ್ಳಬೇಕು, ಅಷ್ಟು ಮಂದಿ.

ಹುಡುಗಿಯ ಹೆಸರು ಕೈನಾತ. ಅವಳ ತಂದೆ ಉಸ್ಮಾನಸಾಬ, ತಾಯಿ ಮೋತಿಬಿ ಮೊದಲು ಲಕ್ಷ್ಮೇಶ್ವರದಲ್ಲಿ ನಮ್ಮ ಮಗ್ಗುಲ ಮನೆಯವರು. ಕೈನಾತ ಇನ್ನೂ ಅಂಬೆಗಾಲಿಡುತ್ತಿದ್ದಾಗ ಮೆಣಸಿನಕಾಯಿ ವ್ಯಾಪಾರಕ್ಕೆಂದು ಮುಂಡರಗಿಗೆ ಹೋದರು. ಹಳೆಯ ಪರಿಚಯದವರ ಮನೆಯಿಂದ ಮೊಮ್ಮಗನಿಗೆ ಹೆಣ್ಣು ತರುತ್ತಿದ್ದೇನೆಂದು ನನ್ನ ಉಮೇದು ನೆತ್ತಿಗೇರಿತ್ತು. ಮನೆಗೆ ಹಿರಿಯಳೆಂದು ಮೊದಲ ಸಕ್ಕರೆ ನನ್ನ ಕೈಯಿಂದ ಆಗಬೇಕೆಂದರು. ಚಿಟಿಕೆ ಸಕ್ಕರೆ ಹಿಡಿದು ಹುಡುಗಿಯ ಗದ್ದ ಎತ್ತಿದೆ.

"ಇಕಿ ಬಾಯಿಗೆ ನಾ ಹೊಸದಾಗಿ ಸಕ್ಕರಿ ಹಾಕೂದೇನೈತಿ? ಕೂಸಿದ್ದಾಗ ನನ್ನ ಎದಿಹಾಲು ಕುಡದು ಬೆಳದಾಕಿ! ಆ ಓಣ್ಯಾಗಿನ ಕೂಸುಗೋಳಿಗೆಲ್ಲಾ ನಾನ ಕುಡಿಸೀನಿ. ಸಾಲಾಗಿ ನಿಲ್ಲಿಸಿದ್ರ ಸಾಲು ಮುಂದಿನ ಊರು ಶಿಗ್ಲಿ ಮುಟ್ಟತೈತಿ!"

ನಗು ಬರಲಿ ಎಂದು ಕಾಯ್ದೆ. ನಗು ಬರಲಿಲ್ಲ. ಬಟ್ಟಲಲ್ಲಿದ್ದ ಸಕ್ಕರೆಯ ಮೇಲೆ ಇರುವೆ ನಡೆದರೂ ಸಪ್ಪಳ ಕೇಳುವಷ್ಟು ಮನೆ ಗಪ್ಪಾಯಿತು. ಮೋತಿಬಿ ನನ್ನ ಕೈಯನ್ನು ಮೆಲ್ಲಗೆ ಹಿಡಿದು, ಮಗಳ ಬಾಯಿಂದ ಹಿಂದಕ್ಕೆ ಸರಿಸಿದಳು.

"ಖಾಲಾ, ಚಾಷ್ಟಿ ಮಾಡಾಕ ಹತ್ತೀರಿ ಹೌದಿಲ್ಲೋ?"

ಆಗ ನನಗೆ ನಾನು ಆಡಿದ್ದು ಏನೆಂದು ತಿಳಿಯಿತು. ನಮ್ಮಲ್ಲಿ ಒಬ್ಬ ಹೆಂಗಸಿನ ಎದೆಹಾಲು ಕುಡಿದ ಕೂಸು ಅವಳು ಹಡೆದ ಕೂಸಿಗೆ ಸಮ. ಹಡೆದವರಲ್ಲಿ ಹೇಗೆ ಮದುವೆ ಕೂಡದೋ ಹಾಲಿನವರಲ್ಲಿಯೂ ಹಾಗೇ ಕೂಡದು. ಕೈನಾತ ನನ್ನ ಹಾಲು ಕುಡಿದಿದ್ದರೆ ಅವಳು ನನಗೆ ಮಗಳು, ಅಬ್ರಾರನಿಗೆ ಸೋದರತ್ತೆ. ಸೋದರತ್ತೆಯನ್ನು ಯಾರು ಮದುವೆಯಾಗುತ್ತಾರೆ?

"ಚಾಷ್ಟಿ, ಬರೇ ತಮಾಷಿ" ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಚಿತ್ರ ಬಂತು. ನಮ್ಮ ಮನೆ ಮುಂದಿನ ಕಟ್ಟೆ. ನಾನು ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದೇನೆ. ಮಡಿಲಲ್ಲಿ ಕೂಸು, ತಲೆಗೆ ಕೆಂಪು ಕುಂಚಿಗೆ, ಕಾಲಲ್ಲಿ ಬೆಳ್ಳಿಯ ಗೆಜ್ಜೆ. ಕೂಸು ನನ್ನ ಎದೆಗೆ ಬಾಯಿ ಹಚ್ಚಿದೆ. ಬಾಗಿಲಲ್ಲಿ ಯಾರೋ "ಮೋತಿಬಿ ಮಗಳು ಕುಡ್ಯಾಕ ಹತ್ತೈತಿ ನೋಡು" ಅನ್ನುತ್ತಿದ್ದಾರೆ. ಬಿಸಿಲು ಕೂಡ ನೆನಪಿದೆ. ಗೆಜ್ಜೆಯ ಒಂದು ಗುಂಡು ಸೀಳಿತ್ತು, ಅದೂ ನೆನಪಿದೆ.

ಚಿಟಿಕೆಯಲ್ಲಿದ್ದ ಸಕ್ಕರೆಯನ್ನು ಬಟ್ಟಲಿಗೇ ಸುರಿದೆ.

"ಯಾಕ ಖಾಲಾ, ಮಾತಾಡ್ರಿ."

"ತಡಿಯವ್ವಾ," ಅಂದೆ, "ಚಾಷ್ಟಿ ಅಂತ ಅಂದೆ, ಈಗ ನೋಡಿದ್ರ ಖರೆ ಅನಸಾಕ ಹತ್ತೈತಿ."

ಸಕ್ಕರೆ ಬಟ್ಟಲನ್ನು ಯಾರೋ ಒಳಗೆ ಒಯ್ದರು.

ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಮಗ ಯಮನೂರಸಾಬ ನನ್ನ ಮಗ್ಗುಲಿಗೆ ಕುಳಿತ. ಅವನು ಅಬ್ರಾರನ ತಂದೆ, ಲಕ್ಷ್ಮೇಶ್ವರದಲ್ಲಿ ಗಾದಿ ಅಂಗಡಿ ನಡೆಸುತ್ತಾನೆ. ಹತ್ತಿ ಬಡಿದು ಬಡಿದು ಅವನ ದನಿಯೂ ಹತ್ತಿಯಷ್ಟೇ ಮೆತ್ತಗಾಗಿದೆ. ಆ ದಿನ ಮಾತ್ರ ಅದರಲ್ಲಿ ಬೀಜ ಇತ್ತು.

"ಅಮ್ಮಾ, ಒಂದ ಮಾತು ಹೇಳು. ಕುಡಿಸೀಯೋ, ಇಲ್ಲೋ?"

"ಕುಡಿಸೀನಿ."

ಡಂಬಳ ದಾಟುವಷ್ಟರಲ್ಲಿ, "ಇಲ್ಲಪಾ, ಕುಡಿಸಿಲ್ಲ ಕಾಣತೈತಿ" ಅಂದೆ. ಗದಗಿನಲ್ಲಿ ಬಸ್ಸು ಬದಲಿಸಿದೆವು. ಅಲ್ಲಿ ಮತ್ತೆ ಆ ಗೆಜ್ಜೆ ಕಣ್ಣಿಗೆ ಬಂತು. "ಕುಡಿಸೀನಿ ಬಿಡು" ಅಂದೆ. ಹಿಂದಿನ ಸೀಟಿನಲ್ಲಿ ಸೊಸೆ ಹಣೆ ಬಡಿದುಕೊಂಡಳು.

"ಅತ್ತಿ, ನಿಮ್ಮ ನೆನಪು ಬಸ್ಸಿನಂಗ ಐತಿ. ಪ್ರತಿ ಸ್ಟಾಪಿಗೂ ಒಬ್ಬರನ್ನ ಇಳಿಸಿ ಇನ್ನೊಬ್ಬರನ್ನ ಹತ್ತಿಸಿಕೊಳ್ತೈತಿ!"

"ನೀ ಆಗ ಇದ್ದಿ ಏನು? ಇದ್ದಿದ್ರ ನೀನ ಹೇಳ್ತಿದ್ದಿ."

"ನಾ ಎಲ್ಲಿರ್ತಿದ್ನಿ? ಎರಡನೇ ಬಾಣಂತನಕ್ಕ ಹರ್ತಿಗೆ, ನನ್ನ ತವರಿಗೆ ಹೋಗಿದ್ದೆ. ನೀವೂ ಬಾಣಂತಿ, ನಾನೂ ಬಾಣಂತಿ. ಅತ್ತಿ-ಸೊಸಿ ಕೂಡಿ ಹಡಿಯೂದಕ್ಕ ಊರೆಲ್ಲಾ ನಗತಿತ್ತು!"

ಅದು ಸುಳ್ಳಲ್ಲ. ಹಿರಿಯ ಮಗನಿಗೆ ಅಬ್ರಾರ ಹುಟ್ಟಿ ಎರಡು ವರ್ಷಕ್ಕೆ ನನ್ನ ಕಡೆಯ ಮಗ ಮಾಶಾಕ ಹುಟ್ಟಿದ. ಅದೇ ಹೊತ್ತಿಗೆ ಕೈನಾತ ಹುಟ್ಟಿದಳು. ಮೋತಿಬಿಗೆ ಬಾಣಂತಿ ಜ್ವರ ಏರಿ ಗದಗಿನ ದವಾಖಾನೆಗೆ ಹಾಕಿದರು. ಕೂಸು ನಮ್ಮ ಓಣಿಯಲ್ಲೇ ಉಳಿಯಿತು. ಇಷ್ಟಕ್ಕೆ ಎಲ್ಲರೂ ಸಾಕ್ಷಿ. ಆ ಕೂಸಿನ ಹೊಟ್ಟೆಗೆ ಏನು ಹೋಯಿತು, ನಾವು ಸಾಕಿದ್ದ ಮೇಕೆಯ ಹಾಲೋ ಮನುಷ್ಯಳ ಹಾಲೋ, ಅದೇ ತಕರಾರು. ಆಗ ಮನೆಯಲ್ಲಿದ್ದ ನನ್ನ ಗಂಡ ಕರೀಮಸಾಬ ಈಗ ಮಣ್ಣಿನಲ್ಲಿದ್ದಾನೆ. ಅವನು ಇದ್ದಿದ್ದರೂ ಹೆಂಗಸರ ಕಡೆ ನೋಡುತ್ತಿರಲಿಲ್ಲ, ಮೇಕೆಯ ಲೆಕ್ಕ ಮಾತ್ರ ಹೇಳುತ್ತಿದ್ದ.

ಅಬ್ರಾರ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದ. ಮಂಗನಿಗೆಂದು ಹೊಲಿಸಿದ ಹೊಸ ಅಂಗಿಯ ಕಾಲರು ಅವನ ಕುತ್ತಿಗೆ ಕೊರೆಯುತ್ತಿತ್ತು. ಕಾಲರು ಸಡಿಲ ಮಾಡಿಕೊಳ್ಳುವುದೂ ಅವನಿಗೆ ಬೇಡವಾಗಿತ್ತು. ಅವನನ್ನು ನೋಡಿದರೆ ನನಗೆ "ಕುಡಿಸಿಲ್ಲ" ಅನಿಸುತ್ತಿತ್ತು. ಕಣ್ಣು ಮುಚ್ಚಿದರೆ "ಕುಡಿಸೀನಿ" ಅನಿಸುತ್ತಿತ್ತು.

ಮರುದಿನ ಶಾರದವ್ವನ ಮನೆಗೆ ಹೋದೆ. ಶಾರದವ್ವ ನಮ್ಮ ಎದುರು ಮನೆಯ ಕಿರಾಣಿ ವ್ಯಾಪಾರಸ್ಥರಾದ ವಿರೂಪಾಕ್ಷಪ್ಪನವರ ಹೆಂಡತಿ, ನನ್ನ ವಾರಿಗೆಯವಳು. ಅವಳ ಮಗ ವೀರೇಶ ಮಾಶಾಕನಿಗಿಂತ ತುಸುವೇ ದೊಡ್ಡವನು. ಶಾರದವ್ವನ ತಲೆ ನನ್ನದಕ್ಕೆ ತಿರುವುಮುರುವು. ನನಗೆ ಮರೆತದ್ದೂ ನೆನಪಿದೆ ಅನಿಸುತ್ತದೆ, ಅವಳಿಗೆ ನೆನಪಿದ್ದದ್ದೂ ಮರೆತಿದೆ ಅನಿಸುತ್ತದೆ. ಬಾಗಿಲು ಹಾಕಿ ಹೋದವಳು ಓಣಿಯ ತುದಿಯಿಂದ ತಿರುಗಿ ಬಂದು ಕೀಲಿ ಜಗ್ಗಿ ನೋಡುತ್ತಾಳೆ. ಹಾಕಿಯೇ ಇರುತ್ತದೆ. ಆದರೂ ಮುಂದಿನ ಸಲ ಮತ್ತೆ ಬರುತ್ತಾಳೆ.

"ಶಾರದಾ, ಮೋತಿಬಿ ಕೂಸಿಗೆ ಹಾಲು ಯಾರು ಕುಡಿಸಿದ್ವಿ?"

ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿದಳು. "ಅಯ್ಯ, ನನ್ನ ಕೇಳ್ತೀಯಲ್ಲ! ನನಗ ಬೆಳಿಗ್ಗೆ ಉಂಡದ್ದು ಸಂಜಿಕ ನೆನಪಿರಂಗಿಲ್ಲ."

"ಬೆಳಿಗ್ಗೆ ಏನು ಉಂಡಿ?"

"ಜ್ವಾಳದ ರೊಟ್ಟಿ, ಮಡಕಿಕಾಳ ಪಲ್ಲೆ, ನಿನ್ನಿದು ಶೇಂಗಾ ಚಟ್ನಿ."

"ಮತ್ತ?"

"ಅದ ನೋಡು, ಏನೋ ಮರತೇನಿ."

ಒಳಗಿನಿಂದ ವಿರೂಪಾಕ್ಷಪ್ಪನವರು, "ಅಷ್ಟ ಉಂಡಿದ್ದು, ಮತ್ತೇನಿಲ್ಲ" ಅಂದರು. ಶಾರದವ್ವ ಅದನ್ನೂ ನಂಬಲಿಲ್ಲ.

ನನ್ನ ಚಿತ್ರವನ್ನು ಅವಳಿಗೆ ಬಿಡಿಸಿ ಹೇಳಿದೆ. ಕಟ್ಟೆ, ಬಿಸಿಲು, ಕೆಂಪು ಕುಂಚಿಗೆ, ಸೀಳಿದ ಗೆಜ್ಜೆ. ಅವಳು ಸೊಪ್ಪಿನ ದಂಟು ಹಿಡಿದುಕೊಂಡೇ ಕೇಳಿದಳು.

"ನನಗ ಖಾತ್ರಿ ಇಲ್ಲ ಮತ್ತ, ಆಮ್ಯಾಲ ನನ್ನ ಹೆಸರು ಹೇಳಬ್ಯಾಡ," ಅಂದಳು. "ಆದ್ರ ಆ ಕೆಂಪು ಕುಂಚಿಗಿ ನಮ್ಮ ವೀರೇಶಂದಲ್ಲೇನ? ನನ್ನ ಧಾರೀ ಸೀರಿ ಅಂಚು ಕತ್ತರಿಸಿ ನಾನ ಹೊಲದಿದ್ದೆ. ನಮ್ಮತ್ತಿ ಮೂರು ದಿನ ಮಾತು ಬಿಟ್ಟಿದ್ಲು."

"ವೀರೇಶಂದು?"

"ಗೆಜ್ಜಿ ಸೀಳಿದ್ದು ನಿಮ್ಮ ಮಾಶಾಕಂದು. ಒಳಕಲ್ಲಿಗೆ ಬಡದು ಸೀಳಿದ್ದ. ನೀ ಅಕ್ಕಸಾಲಿಗನ್ನ ಬೈದಿದ್ದಿ."

ಅದೂ ಹೌದು. ಬೈಗುಳು ನೆನಪಾಯಿತು.

"ಮತ್ತ ಕಟ್ಟಿ," ಅಂದಳು ಶಾರದವ್ವ, ತಾನೇ ಹೆದರಿದವಳಂತೆ ದನಿ ಸಣ್ಣದು ಮಾಡಿ, "ನಿಮ್ಮ ಮನಿ ಮುಂದ ಆಗ ಕಟ್ಟಿ ಇತ್ತೇನ? ಮೋತಿಬಿಯವರು ಮುಂಡರಗಿಗೆ ಹೋದ ಮ್ಯಾಲ ಅಲ್ಲೇನ ಕಟ್ಟಿಸಿದ್ದು? ಅವರು ಬಿಟ್ಟುಹೋದ ಕಲ್ಲ ಹಾಕಿ ಕರೀಮಸಾಬರು ಕಟ್ಟಿಸಿದ್ರು. ನನಗ ಹಂಗನಸ್ತೈತಿ. ತಪ್ಪಿರಬೇಕು ಬಿಡು."

ನಾನು ಗೋಡೆಗೆ ಒರಗಿದೆ. ಕುಂಚಿಗೆ ವೀರೇಶನದು, ಗೆಜ್ಜೆ ಮಾಶಾಕನದು, ಕಟ್ಟೆ ಇನ್ನೂ ಹುಟ್ಟಿಯೇ ಇರಲಿಲ್ಲ. ತಲೆಯೊಂದು ಮನೆಯದು, ಕಾಲೊಂದು ಮನೆಯದು, ಕುಳಿತದ್ದು ಬರಲಿರುವ ವರ್ಷದ ಕಲ್ಲಿನ ಮೇಲೆ. ಹಾಗಾದರೆ ನಡುವೆ ಇದ್ದ ಕೂಸು ಯಾರದು?

"ಮತ್ತ ಮೋತಿಬಿ ಮಗಳು ಎಲ್ಲಿ ಹೋದ್ಲು?" ಅಂದೆ.

"ಎಲ್ಲಿ ಹೋಗ್ತಾಳ? ಅಕಿನೂ ಇದ್ಲು. ಕುಂಚಿಗಿ, ಗೆಜ್ಜಿ, ಕೌದಿ ಎಲ್ಲಾ ಮೂರೂ ಕೂಸಿಗೆ ಕೂಡಿದ್ದು. ಒಗಿದು ಒಣಹಾಕಿದ್ದು ಯಾವುದು ಕೈಗೆ ಸಿಗತೈತೋ ಅದನ್ನ ಹಾಕ್ತಿದ್ವಿ." ಅವಳು ಕೈಯಲ್ಲಿದ್ದ ದಂಟು ಕೆಳಗಿಟ್ಟಳು. "ಖರೆ ಹೇಳಬೇಕಂದ್ರ, ಆ ಕೂಸಿಗೆ ನಾ ಒಂದಿಷ್ಟ ಕುಡಿಸಿದಂಗ ಅನಸ್ತೈತಿ. ಆ ಕೂಸು ಕುಡಿಯೂ ಮುಂದ ಮೂಗಿನ್ಯಾಗ ಸೊರ್ ಸೊರ್ ಅಂತಿತ್ತು. ಆದ್ರ ನನ್ನ ನೆನಪಿನ ಮ್ಯಾಲ ನನಗ ಭರೋಸಾ ಇಲ್ಲವ್ವಾ. ನೀನೂ ಕುಡಿಸಿರಬಹುದು. ಮ್ಯಾಕಿ ಕುಡಿಸಿರಬಹುದು."

"ಮ್ಯಾಕಿ ಖಾತ್ರಿನಾ?"

"ಮ್ಯಾಕಿನ್ನ ಯಾರು ಕೇಳಬೇಕು?"

ನಗಬಾರದಿತ್ತು, ನಕ್ಕೆವು. ವಿರೂಪಾಕ್ಷಪ್ಪನವರು ಒಳಗಿನಿಂದ ಕೆಮ್ಮಿದರು.

ಮನೆಗೆ ಬಂದು ಒಂದು ಕೆಲಸ ಮಾಡಿದೆ. ನನಗೆ ಬಹಳ ಖಾತ್ರಿ ಇರುವ ನೆನಪು ಯಾವುದು ಎಂದು ಹುಡುಕಿದೆ. ಅದನ್ನು ಹಿಡಿದು ಮಿಕ್ಕವನ್ನು ತೂಗೋಣವೆಂದು. ಸಿಕ್ಕಿತು: ನನ್ನ ಮದುವೆಯ ಆನೆ. ನನ್ನ ತವರು ಶಿರಹಟ್ಟಿಯಿಂದ ನನ್ನನ್ನು ಬೀಳ್ಕೊಡುವಾಗ ಮೆರವಣಿಗೆಯ ಮುಂದೆ ಆನೆ ಬಂದಿತ್ತು. ಅದರ ಕಿವಿ ನನ್ನ ಸೆರಗಿಗೆ ತಾಗಿತ್ತು. ಅದರ ಮೈಯ ವಾಸನೆ, ಹಸಿ ಹುಲ್ಲು ಮತ್ತು ಹಳೆಯ ಗೋಣಿಚೀಲದ ಹಾಗೆ, ಇಂದಿಗೂ ಮೂಗಿನಲ್ಲಿದೆ. ಈ ಊರಿನಲ್ಲಿ ಆ ಆನೆಯ ಕಥೆ ಕೇಳದ ಕಿವಿ ಇಲ್ಲ.

ಯಮನೂರಸಾಬನನ್ನು ಕರೆದು, "ನಿಮ್ಮಪ್ಪ ಆ ಆನಿ ಬಗ್ಗೆ ಏನಂತಿದ್ದ?" ಎಂದು ಕೇಳಿದೆ.

ಅವನು ನೆಲ ನೋಡಿದ. "ಅಪ್ಪ ಏನಂತಾನ? ನಗತಿದ್ದ."

"ನಕ್ಕು ಏನಂತಿದ್ದ?"

"ಆನಿ ಎಲ್ಲಿ ಬಂತು, ಬಾಡಗಿ ಟಾಂಗಾದಾಗ ಕರಕೊಂಡ ಬಂದೆ, ಆ ಕುದುರಿನೂ ಕುಂಟು, ಅಂತಿದ್ದ. ಮೊದಮೊದಲು ಬರೇ ಕುದುರಿ ಅಂತಿದ್ದಿಯಂತ ನೀನು. ಆಮ್ಯಾಲ ಎರಡು ಕುದುರಿ ಆದ್ವು. ನನಗ ತಿಳವಳಿಕಿ ಬರೂದರಾಗ ಆನಿ ಆಗಿತ್ತು."

"ನನಗ್ಯಾಕ ಯಾರೂ ಹೇಳಲಿಲ್ಲ?"

"ನೀ ಹೇಳೂದು ಚೆಂದ ಇತ್ತು, ಅಮ್ಮಾ."

ನಾನು ಕುಳಿತಲ್ಲೇ ಆನೆಯನ್ನು ಹುಡುಕಿದೆ. ಅದು ಅಲ್ಲೇ ಇತ್ತು, ಕಿವಿ ಬೀಸುತ್ತಾ. ಕುಂಟು ಕುದುರೆಯನ್ನು ಹುಡುಕಿದೆ. ಸಿಗಲೇ ಇಲ್ಲ. ಇಲ್ಲದ್ದು ಕಾಣುತ್ತದೆ, ಇದ್ದದ್ದು ಕಾಣುವುದಿಲ್ಲ. ಹೀಗಿದ್ದರೆ ನಾನು ಯಾವ ಕಣ್ಣಿನಿಂದ ಯಾವುದನ್ನು ನಂಬಲಿ? ನಾನು ಓಣಿಯ ಕೂಸುಗಳಿಗೆಲ್ಲ ಹಾಲು ಕುಡಿಸಿದೆ ಎಂದು ಎಷ್ಟು ಸಲ ಹೇಳಿರಬೇಕು! ಹೇಳಿ ಹೇಳಿ ಆ ಕೂಸನ್ನು ನಾನೇ ಮಡಿಲಿಗೆ ತಂದುಕೊಂಡೆನೋ, ಅಥವಾ ಮಡಿಲಿನಲ್ಲಿ ಕೂಸು ಇದ್ದದ್ದಕ್ಕೇ ಹೇಳುತ್ತಾ ಬಂದೆನೋ?

ಅಬ್ರಾರ ಅಂಗಡಿಯಿಂದ ಊಟಕ್ಕೆ ಬಂದಾಗ ತಲೆಯಲ್ಲೆಲ್ಲ ಹತ್ತಿ ಇತ್ತು. ನನಗಿಂತ ಮುದುಕನಾಗಿ ಕಾಣುತ್ತಿದ್ದ. ರೊಟ್ಟಿ ಮುರಿದು ಹಾಗೇ ಇಟ್ಟ.

"ದಾದಿ, ನಾ ಏನೂ ಕೇಳಂಗಿಲ್ಲ," ಅಂದ. ನಮ್ಮಲ್ಲಿ ತಂದೆಯ ತಾಯಿಗೆ ದಾದಿ ಅನ್ನುತ್ತಾರೆ. "ಜಲ್ದಿ ಒಂದು ಕಡೆ ಆಗಲಿ, ಅಷ್ಟ."

ಮುಂದಿನ ವಾರ ಅವರೆಲ್ಲ ನಮ್ಮ ಮನೆಗೇ ಬಂದರು. ಉಸ್ಮಾನಸಾಬ, ಮೋತಿಬಿ, ಜೊತೆಗೆ ಮಸೀದಿಯ ಹಜರತ್. ಹಜರತ್ ನನ್ನ ಮಗನ ವಯಸ್ಸಿನವರು, ದನಿ ತಗ್ಗಿಸಿ ಮಾತಾಡುವ ಮನುಷ್ಯ. ಉಸ್ಮಾನಸಾಬನಿಗೆ ತಡೆಯಲಾಗುತ್ತಿರಲಿಲ್ಲ.

"ಖಾಲಾ, ಮುಂಡರಗಿ ಪ್ಯಾಟ್ಯಾಗ ತಲಿ ಎತ್ತಾಕ ಆಗವಲ್ದು ನನಗ. ಮಂದಿ ಮೆಣಸಿನಕಾಯಿ ಧಾರಣಿ ಕೇಳೂದು ಬಿಟ್ಟು ಹಾಲಿಂದ ಕೇಳಾಕ ಹತ್ಯಾರ!"

"ಕೇಳಲಿ ಬಿಡಪಾ, ಧಾರಣಿ ಹ್ಯಾಂಗೂ ಇಳದೈತಿ," ಅಂದೆ. ಬಾಯಿ ತಡೆಯಲಿಲ್ಲ.

ಮೋತಿಬಿ ಮಾತ್ರ ನನ್ನ ಮಗ್ಗುಲಿಗೆ ಬಂದು ಕುಳಿತು ಮೊಣಕಾಲ ಮೇಲೆ ಕೈ ಇಟ್ಟಳು. "ಮದುವಿ ಮಾತು ಒತ್ತಟ್ಟಿಗಿರಲಿ ಖಾಲಾ. ನಾ ಜ್ವರದಾಗ ಬಿದ್ದಾಗ ನನ್ನ ಮಗಳನ್ನ ಬದುಕಿಸಿದವರು ಯಾರಂತ ನನಗ ಇವತ್ತಿಗೂ ಗೊತ್ತಿಲ್ಲ. ಕೇಳಿದ್ರ ಆಗ ಎಲ್ಲಾರೂ 'ಎಲ್ಲಾರೂ ಕೂಡಿ ನೋಡಿಕೊಂಡ್ವಿ' ಅಂದ್ರಿ. ನೀವು ಆಗಿದ್ರ ನನಗ ಸಂತೋಷನ. ಸಂತೋಷದ ಬೆನ್ನಿಗೇ ದುಃಖ ಬರ್ತೈತಿ, ಅಷ್ಟ."

ಇದು ಇನ್ನೊಂದು ತೊಡಕು. ಹೌದೆಂದರೆ ಒಬ್ಬ ತಾಯಿಗೆ ಉತ್ತರ ಸಿಗುತ್ತದೆ, ಮೊಮ್ಮಗನ ಮದುವೆ ಮುರಿಯುತ್ತದೆ. ಇಲ್ಲವೆಂದರೆ ಮದುವೆ ಉಳಿಯುತ್ತದೆ, ನಾನು ಸುಳ್ಳಿಯಾಗಿರಬಹುದು. ಸುಳ್ಳಿಯೋ ಅಲ್ಲವೋ ಎಂದು ನನಗೇ ಗೊತ್ತಾಗದಂಥ ಸುಳ್ಳಿ.

ಹಜರತ್ ಗಂಟಲು ಸರಿಮಾಡಿಕೊಂಡರು. "ರೋಶನಬೀ ಅಮ್ಮಾ, ಗಾಬರಿ ಆಗಬ್ಯಾಡ್ರಿ. ಗೊತ್ತೈತಿ ಅನ್ನೂದು ಬ್ಯಾರೆ, ಅನಸ್ತೈತಿ ಅನ್ನೂದು ಬ್ಯಾರೆ. ಬರೇ ಅನುಮಾನದ ಮ್ಯಾಲ ಹಾಲಿನ ನಾತಾ-ಸಂಬಂಧ ಕಟ್ಟಾಕ ಬರಂಗಿಲ್ಲ. ಖಾತ್ರಿ ಇದ್ರ ಹೌದು ಅನ್ರಿ, ಈ ಮದುವಿ ಇಲ್ಲಿಗೇ ನಿಲ್ತೈತಿ. ಖಾತ್ರಿ ಇಲ್ಲಂದ್ರ ಹಂಗ ಅನ್ರಿ."

"ಹಜರತ್, ಕಣ್ಣಿಗೆ ಕಟ್ಟಿದಂಗ ಐತ್ರಿ. ಈಗೂ ಕಾಣತೈತ್ರಿ."

ಉಸ್ಮಾನಸಾಬ ನಿಟ್ಟುಸಿರು ಬಿಟ್ಟ. ಬಾಗಿಲಿನ ಹಿಂದೆ ಸೊಸೆಯ ಬಳೆ ಸದ್ದಾಯಿತು.

"ಕಾಣೂದು, ಖಾತ್ರಿ, ಎರಡೂ ಒಂದೇನ್ರಿ?" ಎಂದು ಹಜರತ್ ಕೇಳಿದರು.

"ಹ್ವಾದ ವಾರದ ತನಕ ಒಂದ ಇದ್ವು ನೋಡ್ರಿ. ಈಗ ಒಡದು ಬ್ಯಾರೆ ಆಗ್ಯಾವು." ನನ್ನ ದನಿ ನನಗೇ ಬೇರೆಯವರದೆನಿಸಿತು. "ಆ ಕೂಸಿನ ತಲಿ ಒಬ್ಬರದು, ಕಾಲು ಒಬ್ಬರದು ಅಂತ ಶಾರದವ್ವ ಬಿಡಿಸಿಟ್ಲು. ಅಕಿನೂ ತನಗ ಖಾತ್ರಿ ಇಲ್ಲ ಅಂತಾಳ. ಆದ್ರೂ ಕೂಸು ಮಡಿಲಾಗಿಂದ ಏಳವಲ್ದು. ಕುಡಿಸೀನಿ ಅಂದ್ರ ಖರೆ ಅನಸ್ತೈತಿ. ಕುಡಿಸಿಲ್ಲ ಅಂದ್ರ ಅದೂ ಖರೆ ಅನಸ್ತೈತಿ."

"ಹಂಗಾದ್ರ?"

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಈ ಜನ್ಮದಲ್ಲಿ ನನ್ನ ಬಾಯಿಂದ ಲಕ್ಷ ಮಾತು ಹೊರಟಿವೆ, ಆದರೆ ಈ ಮಾತು ಎಂದೂ ಹೊರಟಿರಲಿಲ್ಲ.

"ನನಗ ಗೊತ್ತಿಲ್ಲರಿ," ಅಂದೆ.

ಹಜರತ್ ತಲೆಯಾಡಿಸಿದರು. "ಆತು. ಹಂಗಿದ್ರ ನಾತಾ ಕಟ್ಟಾಕ ಬರಂಗಿಲ್ಲ. ಮದುವಿಗೆ ಅಡ್ಡಿ ಇಲ್ಲ. ಮನಸಿಗೆ ಕಸಿವಿಸಿ ಇದ್ರ ಬಿಡೂದು, ಒಪ್ಪೂದು, ಅದು ನಿಮ್ಮ ನಿಮ್ಮ ಮನಿ ಮಾತು." ಉಸ್ಮಾನಸಾಬ ಯಮನೂರಸಾಬನ ಮುಖ ನೋಡಿದ, ಅವನು ಇವನ ಮುಖ ನೋಡಿದ. ಮೋತಿಬಿ ನನ್ನ ಮೊಣಕಾಲಿನಿಂದ ಕೈ ತೆಗೆದು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅಲ್ಲೇ ಇಟ್ಟಳು.

ಅವರು ಚಹಾ ಕುಡಿದು ಹೋದ ಮೇಲೆ ಅಬ್ರಾರ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಖುಷಿಯಾಗಿರುತ್ತಾನೆ ಎಂದುಕೊಂಡಿದ್ದೆ.

"ದಾದಿ, ನಿನಗ ಖರೇನ ಗೊತ್ತಿಲ್ಲೋ, ಇಲ್ಲಾ ನನ್ನ ಮದುವಿ ಆಗಲಿ ಅಂತ ಗೊತ್ತಿಲ್ಲ ಅಂದ್ಯೋ?"

"ಏ ಹುಚ್ಚಾ, ಹಜರತ್ ಮುಂದ ಸುಳ್ಳ ಹೇಳ್ತೇನೇನು?" ಎನ್ನಲು ಹೊರಟೆ. ಅಷ್ಟರಲ್ಲಿ ಒಳಗೊಮ್ಮೆ ಇಣುಕಿ ನೋಡಿದೆ. "ಗೊತ್ತಿಲ್ಲ" ಅನ್ನುವ ಗಳಿಗೆಯಲ್ಲಿ ನನ್ನ ಕಣ್ಣು ಎಲ್ಲಿತ್ತು? ಹಜರತ್ ಮೇಲಿತ್ತೋ, ಬಾಗಿಲ ಬಳಿ ನಿಂತ ಇವನ ಮೇಲಿತ್ತೋ? ಆಗಷ್ಟೇ ನಡೆದ ಮಾತು, ಚಹಾದ ಕಪ್ಪು ಇನ್ನೂ ಬೆಚ್ಚಗಿದೆ, ಅದೂ ನನಗೆ ತಿಳಿಯಲಿಲ್ಲ.

"ಅದೂ ಗೊತ್ತಿಲ್ಲಲೇ," ಅಂದೆ.

"ಮತ್ತ ನಾ ಏನ ಮಾಡ್ಲಿ?"

"ನನ್ನ ಕೇಳಬ್ಯಾಡ. ನನ್ನ ಕೇಳಿದ್ರ ಆನಿ ತಂದ ನಿಲ್ಲಿಸ್ತೇನಿ. ಅಕಿನ್ನ ಕೇಳು. ಅಕಿ ಜೀವಾನೂ ಐತಲ್ಲ ಇದರಾಗ."

ಮರುದಿನ ತಂದೆ ಮಗ ಮುಂಡರಗಿಗೆ ಹೋದರು. ಗದಗ ಜಿಲ್ಲೆಯಾಗಿ ಐದು ವರ್ಷವಾದರೂ ನನ್ನ ಬಾಯಲ್ಲಿ ಮುಂಡರಗಿ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ಅದು ಎಷ್ಟು ದೂರ, ಬಸ್ಸು ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಲೆಕ್ಕ ಹಾಕುತ್ತಾ ದಿನವೆಲ್ಲ ಬಾಗಿಲಲ್ಲೇ ಕುಳಿತೆ. ಶಾರದವ್ವ ಎದುರಿನ ಬಾಗಿಲಲ್ಲಿ ಕುಳಿತಳು. "ಸಂಜಿ ಬಸ್ಸಿಗೆ ಬರ್ತಾರಂತ ಅಂದಿದ್ರೋ, ಮಧ್ಯಾಹ್ನದ್ದೋ?" ಎಂದು ಅವಳನ್ನು ಕೇಳಿದೆ. "ಸಂಜಿದು," ಅಂದಳು. "ತಪ್ಪಿರಬೇಕು ಬಿಡು."

ಸಂಜೆಯ ಬಸ್ಸಿಗೇ ಬಂದರು. ಅಬ್ರಾರನ ಅಂಗಿಯ ಕಾಲರು ಬಿಚ್ಚಿತ್ತು.

"ಪರದೆ ಹಿಂದ ನಿಂತು ಮಾತಾಡಿದ್ಲು, ದಾದಿ," ಅಂದ. "'ನಿಮ್ಮ ದಾದಿಗೆ ಖಾತ್ರಿ ಆಗೂ ತನಕ ಕಾಯ್ಕೋತ ಕುಂತ್ರ ನಾನ ಮುದುಕಿ ಆಗ್ತೀನಿ. ಆಗ ಯಾರಿಗೆ ಕಾಯಾಕ ಹತ್ತೀನಿ ಅನ್ನೂದೂ ನನಗ ನೆನಪಿರಂಗಿಲ್ಲ. ಹಜರತ್ ಅಡ್ಡಿ ಇಲ್ಲ ಅಂದ ಮ್ಯಾಲ ನನ್ನ ಕಡಿಂದೂ ಅಡ್ಡಿ ಇಲ್ಲ' ಅಂದ್ಲು."

"ಅಷ್ಟೂ ಮಾತು ಅಕಿ ಅಂದ್ಲೋ, ನೀ ಹಚ್ಚಿದ್ಯೋ?"

"ಅಕಿನ ಅಂದ್ಲು." ಒಂದು ಕ್ಷಣ ಯೋಚಿಸಿ, "ನನಗ ನೆನಪಿದ್ದಷ್ಟು," ಎಂದು ಸೇರಿಸಿದ.

ನಿಕಾಹ್ ಆಯಿತು. ಮದುಮಗಳು ನಮ್ಮ ಮನೆಯ ಹೊಸ್ತಿಲು ದಾಟಿ ಬಂದು ಸಲಾಮಿಗೆ ಬಾಗಿದಳು. ಹೆಂಗಸರೆಲ್ಲ ನನ್ನ ಕಡೆ ನೋಡಿದರು, ಈಗ ಏನಂತಾಳೋ ಮುದುಕಿ ಎಂದು. ನಾನು ಅವಳ ತಲೆಯ ಮೇಲೆ ಕೈ ಇಟ್ಟೆ. ಮಗಳ ತಲೆಯೋ ಮೊಮ್ಮಗನ ಹೆಂಡತಿಯ ತಲೆಯೋ ತಿಳಿಯಲೆಂದು ಸ್ವಲ್ಪ ಒತ್ತಿಯೇ ಇಟ್ಟೆ. ಕೂದಲಿಗೆ ಎಣ್ಣೆ ಹಚ್ಚಿದ್ದರು, ಬೆಚ್ಚಗಿತ್ತು. ಮತ್ತೇನೂ ತಿಳಿಯಲಿಲ್ಲ.

"ದಾದಿ," ಎಂದು ಕೈನಾತ ಬಾಗಿದಲ್ಲಿಂದಲೇ ಸಣ್ಣಗೆ ಅಂದಳು, "ಕೈ ತಗೀರಿ, ಹೂವು ಉದರಾಕ ಹತ್ಯಾವು."